ನಾಕನೇ ಸೇರು

ಕೊಪ್ಪಳದ ಹತ್ತಿ ಗಿರಣಿಯ ಸಾಹುಕಾರ ಕೊಟ್ರಬಸಪ್ಪನವರು ಮೋಟಾರು ಸೈಕಲ್ಲು, ಊರವರ ಬಾಯಲ್ಲಿ ಫಟಫಟಿ, ಕೊಂಡಾಗ ಅದನ್ನು ಓಡಿಸುವವನನ್ನು ಆರಿಸಿದ ರೀತಿ ಕೇಳಿದರೆ ಈಗಿನವರು ನಗುತ್ತಾರೆ. ಹುಬ್ಬಳ್ಳಿಯ ರೈಲ್ವೆ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಗಾಡಿ ಅದು. ಗೂಡ್ಸ್ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಚಕ್ಕಡಿ ಏರಿ, ಗಿರಣಿಯ ಅಂಗಳದಲ್ಲಿ ಇಳಿಯುವಾಗ ಜಾರಿ ಕೆಸರಿನಲ್ಲಿ ಮಲಗಿಬಿಟ್ಟಿತು. ನಾಲ್ಕು ಜನ ಹಮಾಲರು ಕೈಹಚ್ಚಿದರೂ ಏಳಲಿಲ್ಲ. ಒಬ್ಬ ಚಕ್ರ ಹಿಡಿದರೆ ಚಕ್ರ ತಿರುಗುತ್ತಿತ್ತು, ಇನ್ನೊಬ್ಬ ಹ್ಯಾಂಡಲ್ ಹಿಡಿದರೆ ಹ್ಯಾಂಡಲ್ ಹೊರಳುತ್ತಿತ್ತು. ಆಗ ಹತ್ತಿಯ ದೊಡ್ಡ ಮೂಟೆ, ಅಂಡಿಗೆ ಹೊರುತ್ತಿದ್ದ ವಿರುಪಣ್ಣ ಬಂದು, ಕುಸ್ತಿಯಲ್ಲಿ ಎದುರಾಳಿಯ ಸೊಂಟಕ್ಕೆ ಕೈ ಹಾಕುವ ಹಾಗೆ ಅದರ ನಡುವಿಗೆ ಕೈ ಹಾಕಿ, ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದ. ಸಾಹುಕಾರರು ಅಗಿಯುತ್ತಿದ್ದ ಅಡಿಕೆ ನಿಲ್ಲಿಸಿ, "ಇಂವಗ ಕಲಸ್ರಿ" ಅಂದರು. ಎತ್ತಬಲ್ಲವನು ಓಡಿಸಬಲ್ಲ ಎಂಬುದು ಅವರ ಲೆಕ್ಕ. ಊರಿಗೆಲ್ಲ ಅದು ಸರಿಯಾದ ಲೆಕ್ಕವೆಂದೇ ಕಂಡಿತು.

ಇದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಮಾತು. ಹುಬ್ಬಳ್ಳಿಯಿಂದ ಬಂದ ಮಿಸ್ತ್ರಿಯೊಬ್ಬ ಎಂಟು ದಿನ ಇದ್ದು ಗಿಯರು, ಕ್ಲಚ್ಚು, ಬ್ರೇಕು ಎಲ್ಲ ತೋರಿಸಿಕೊಟ್ಟು ಹೋದ. ಆಮೇಲೆ ಕೆಲಸ ಶುರುವಾಯಿತು. ಬೆಳಿಗ್ಗೆ ಸ್ಟೇಷನ್ನಿಗೆ ಮುಂಬಯಿಯ ಹತ್ತಿ ಧಾರಣೆಯ ತಂತಿ ಸುದ್ದಿ ಬರುತ್ತಿತ್ತು. ಗುಮಾಸ್ತ ಅದನ್ನು ಚೀಟಿಗಳಲ್ಲಿ ಬರೆದು ಕೊಡುತ್ತಿದ್ದ. ಆ ಚೀಟಿಗಳು ಬೇರೆ ಗಿರಣಿಯವರ ಆಳು ಮುಟ್ಟುವ ಮೊದಲು ಸುತ್ತಲಿನ ಊರುಗಳಲ್ಲಿದ್ದ ಸಾಹುಕಾರರ ಖರೀದಿದಾರರ ಕೈ ಸೇರಬೇಕು. ವಾರದಲ್ಲಿ ನಾಲ್ಕು ದಿನ ತಳಕಲ್ಲು, ಈ ಸೀಮೆಯದೇ ಹಳ್ಳಿಯಾದ ಮಂಗಳೂರು ಹಾಯ್ದು ಯಲಬುರ್ಗಾ, ಅಲ್ಲಿಂದ ಕುಷ್ಟಗಿ, ಕುಷ್ಟಗಿಯಿಂದ ತಿರುಗಿ ಕೊಪ್ಪಳ, ಒಟ್ಟು ಮೂವತ್ತು ಹರದಾರಿಯ, ಅಂದರೆ ತೊಂಬತ್ತು ಮೈಲಿಯ ಸುತ್ತು. ಇನ್ನೆರಡು ದಿನ ಗಂಗಾವತಿಗೆ ಹೋಗಿಬರುವುದು.

ದಾರಿ ಅಂದರೆ ಎರೆಮಣ್ಣಿನಲ್ಲಿ ಚಕ್ಕಡಿ ಗಾಲಿಗಳು ಕೊರೆದ ಎರಡು ಜಾಡು. ಫಟಫಟಿಯ ಚಕ್ರ ಒಂದು ಸಲ ಆ ಜಾಡಿನೊಳಗೆ ಇಳಿದರೆ ಮೇಲೆ ಬರುವುದು ಜಾಡಿನ ಮರ್ಜಿ. ಎರೆ ಮುಗಿದ ಕಡೆ ಗರಸು, ಗರಸು ಮುಗಿದ ಕಡೆ ಹಳ್ಳದ ಉಸುಕು. ಗಾಡಿಯ ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಎಂಬುದೇ ಇರಲಿಲ್ಲ, ಸೀಟಿನ ಕೆಳಗೆ ಮಾತ್ರ ಎರಡು ಇದ್ದವು. ಅವು ತಮ್ಮ ಪಾಲಿನದು ತಾವು ಕುಣಿದು, ಉಳಿದದ್ದನ್ನು ಕೂತವನ ಬೆನ್ನೆಲುಬಿಗೆ ಬಿಡುತ್ತಿದ್ದವು.

ಆದರೂ ವಿರುಪಣ್ಣನಿಗೆ ಆ ಗಾಡಿಯ ಮೇಲೆ ಜೀವ. ತನ್ನ ಇಪ್ಪತ್ತೆಂಟು ವರ್ಷದ ಬದುಕಿನಲ್ಲಿ ಅವನು ಹೊತ್ತ ಅಂಡಿಗೆಗಳಿಗೆ ಲೆಕ್ಕವಿರಲಿಲ್ಲ. ಹೊರುವವನಿಗೆ ಕಾಣುವುದು ಮುಂದಿನವನ ಹಿಮ್ಮಡಿ ಒಂದೇ. ಈಗ ಅವನಿಗೆ ದಾರಿಯುದ್ದಕ್ಕೂ ಜೋಳದ ಹೊಲ, ಹತ್ತಿಯ ಹೊಲ, ದೂರದ ಗುಡ್ಡ ಕಾಣುತ್ತಿದ್ದವು. ಊರೊಳಗೆ ಹೊಕ್ಕರೆ ಜನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇದು ಕೈಬಿಟ್ಟರೆ ಮತ್ತೆ ಅದೇ ಹಿಮ್ಮಡಿ ನೋಡುತ್ತ ಬದುಕಬೇಕು ಎಂಬ ಅಂಜಿಕೆ ಅವನಿಗೆ ಮೊದಲ ದಿನದಿಂದಲೇ ಇತ್ತು.

ಅಂಜಿಕೆಗೆ ಕಾರಣ ಬಂದದ್ದು ಎರಡನೇ ತಿಂಗಳಲ್ಲಿ. ಯಲಬುರ್ಗಾ ಮುಟ್ಟುವಷ್ಟರಲ್ಲಿ ಬೆರಳು ಜೋಮು ಹಿಡಿಯತೊಡಗಿದವು. ಕುಷ್ಟಗಿಯಲ್ಲಿ ಚೀಟಿ ಕೊಡಲು ಅಂಗಿಯ ಕಿಸೆಗೆ ಕೈ ಹಾಕಿದರೆ ಚೀಟಿ ಸಿಕ್ಕಿತೋ ಇಲ್ಲವೋ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಬೆನ್ನು ಹಲಗೆಯಾಗುತ್ತಿತ್ತು. ಕುಷ್ಟಗಿಯಿಂದ ಬರುವ ದಾರಿಯಲ್ಲಿ, ಕೊಪ್ಪಳಕ್ಕೆ ಐದು ಹರದಾರಿ ಇರುವಾಗ ಒಂದು ಅಗಲವಾದ ಹಳ್ಳ ಅಡ್ಡ ಬರುತ್ತದೆ. ಅಲ್ಲಿ ಮೊದಲ ಸಲ ಬಿದ್ದ. ಚಕ್ರ ಉಸುಕಿನಲ್ಲಿ ಎಡಕ್ಕೆ ಹೊರಳಿತು, ಇವನು ಬಲಕ್ಕೆ ಜಗ್ಗಿದ, ಗಾಡಿ ಇಬ್ಬರ ಮಾತೂ ಕೇಳದೆ ಅಡ್ಡಬಿತ್ತು.

ಕೋಟೆಯ ಕೆಳಗಿನ ಗರಡಿಮನೆಯಲ್ಲಿ ಅವನ ವಸ್ತಾದ ಮಕ್ಬುಲಸಾಬ. ಹನ್ನೆರಡನೆಯ ವಯಸ್ಸಿನಿಂದ ವಿರುಪಣ್ಣನಿಗೆ ಕುಸ್ತಿ ಕಲಿಸಿದವರು ಅವರೇ. ಸಂಜೆ ಹೋಗಿ ಅವರ ಮುಂದೆ ಕೈ ಚಾಚಿ ತೋರಿಸಿದ. ವಸ್ತಾದರು ಒಂದೊಂದು ಬೆರಳನ್ನೂ ಹಿಚುಕಿ ನೋಡಿದರು.

"ಬೇಟಾ, ಕೈ ಜೋಮು ಹಿಡಿತಾವ ಅಂದ್ರ ಹಿಡಿತಾ ಸಾಲವಲ್ದು. ನಾಳಿಂದ ಇನ್ನ ಐದುನೂರು ಬಸ್ಕಿ, ಇನ್ನೂರು ದಂಡ. ಹಿಡಿದ ಮ್ಯಾಲ ಬಿಡಂಗಿಲ್ಲ. ಎದುರಿಗೆ ಮನಷ್ಯಾ ಇರಲಿ, ಕಬ್ಬಿಣ ಇರಲಿ."

ವಿರುಪಣ್ಣ ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ. ಸಂಗ್ರಾಣಿ ಕಲ್ಲು ಎತ್ತಿದ, ಹಗ್ಗ ಹತ್ತಿದ, ಬೆಳಿಗ್ಗೆ ಬಾದಾಮಿ ಹಾಲು ಕುಡಿದ. ತೋಳು ಇನ್ನಷ್ಟು ದಪ್ಪವಾದವು, ಕುತ್ತಿಗೆ ಹೆಗಲಿನೊಳಗೆ ಇಳಿಯಿತು. ಹ್ಯಾಂಡಲ್ ಈಗ ಅವನ ಮುಷ್ಟಿಯಲ್ಲಿ ಎದುರಾಳಿಯ ಮಣಿಕಟ್ಟಿನಂತೆ ಸಿಕ್ಕಿಬಿದ್ದಿತ್ತು. ಜೋಮು ಯಲಬುರ್ಗಾಕ್ಕೆ ಬರುತ್ತಿದ್ದದ್ದು ಮಂಗಳೂರಿಗೇ ಬರತೊಡಗಿತು. ಸಂಕ್ರಾಂತಿ ಮುಗಿದ ಮೇಲೆ ಅದೇ ಹಳ್ಳದಲ್ಲಿ ಎರಡನೇ ಸಲ ಬಿದ್ದ. ಈ ಸಲ ಕ್ಲಚ್ಚಿನ ಹಿಡಿಕೆ ಮುರಿದು, ಗಾಡಿ ಚಕ್ಕಡಿಯ ಮೇಲೆ ಗಿರಣಿಗೆ ಬಂತು. ನಾಲ್ಕು ದಿನ ಧಾರಣೆ ಚೀಟಿ ಎಲ್ಲಿಗೂ ಹೋಗಲಿಲ್ಲ.

ಕೊಟ್ರಬಸಪ್ಪನವರು ಸಿಟ್ಟಿನಲ್ಲಿ ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಮಾತಾಡಿದರೆ ಮಾತ್ರ ಎದುರಿನವರು ಹೆದರಬೇಕು.

"ನೋಡ ವಿರುಪಣ್ಣ, ಎತ್ತೂ ಶಕ್ತಿ ನೋಡಿ ಗಾಡಿ ನಿನಗ ಕೊಟ್ಟೆ. ಈಗ ನೀ ಬರೇ ಎತ್ತೂದ ಮಾಡಾಕತ್ತಿ. ಯುಗಾದಿ ತನಕಾ ನೋಡ್ತೀನಿ. ಇನ್ನೊಂದ ಸಲ ಬಿದ್ದಿ ಅಂದ್ರ ಗಾಡಿ ದೇವೇಂದ್ರಪ್ಪಗ, ಅಂಡಿಗಿ ನಿನಗ."

ದೇವೇಂದ್ರಪ್ಪ ಸಾಹುಕಾರರ ತಂಗಿಯ ಮಗ. ನಿಂತ ಫಟಫಟಿಯ ಮೇಲೆ ಕೂತು, ಅದರ ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುವುದರಲ್ಲಿ ಅವನ ಕೈ ಪಳಗಿತ್ತು. ಸಾಹುಕಾರರ ಮಾತು ಕೇಳಿ ಅವನ ಮುಖಕ್ಕೆ ಬಂದ ನಗೆಯನ್ನು ವಿರುಪಣ್ಣ ಮನೆಯವರೆಗೂ ಹೊತ್ತುಕೊಂಡು ಹೋದ.

ಆ ಸಂಜೆ ಊಟಕ್ಕೆ ಕೂತಾಗ ಅವನ ಬೆರಳಿಗೆ ಜೋಳದ ರೊಟ್ಟಿ ಮುರಿಯಲು ಬರಲಿಲ್ಲ. ನೂರಾರು ಜನರನ್ನು ಚಿತ್ತು ಮಾಡಿದ ಕೈ ರೊಟ್ಟಿಯ ಮುಂದೆ ಸೋತು ಕೂತಿತು. ಹೆಂಡತಿ ಪಕೀರಮ್ಮ ರೊಟ್ಟಿ ಮುರಿದು ತಾಟಿಗೆ ಹಾಕಿದಳು. ಗಂಗಾವತಿಯ ಆಚೆ, ಕನಕಗಿರಿ ದಾರಿಯಲ್ಲಿರುವ ನವಲಿಯವಳು ಅವಳು. ಮದುವೆಯಾಗಿ ಏಳು ವರ್ಷವಾಗಿತ್ತು. ಕಡಿಮೆ ಮಾತಿನ ಹೆಂಗಸು, ಬೀಸುವಾಗ ಮಾತ್ರ ಅವಳ ದನಿ ಕೇಳುತ್ತಿತ್ತು.

ಮರುದಿನ ಬೆಳಗಿನ ಜಾವ ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದಾಗ ವಿರುಪಣ್ಣ ಎದ್ದು ಬಂದು ಬಾಗಿಲ ಹತ್ತಿರ ಕೂತ. ಗರಡಿಗೆ ಹೋಗುವ ಹೊತ್ತು, ಹೋಗಲು ಮನಸ್ಸಿರಲಿಲ್ಲ. ಪಕೀರಮ್ಮ ಕಲ್ಲು ನಿಲ್ಲಿಸಿದಳು.

"ಆ ಹ್ಯಾಂಡಲ್ ಅಂತೀರಲ್ಲ, ಅದನ್ನ ಹೆಂಗ ಹಿಡಿತೀರಿ? ಇಲ್ಲಿ ತೋರಸ್ರಿ."

ಅವನು ಕಲ್ಲಿನ ಗೂಟ ಹಿಡಿದು ತಿರುಗಿಸಿದ. ಹತ್ತು ಸುತ್ತು ಗಡಗಡ ತಿರುಗಿತು. ಇಪ್ಪತ್ತನೇ ಸುತ್ತಿಗೆ ಹೆಗಲು ಬಿಗಿಯಿತು. ಬಂದ ಹಿಟ್ಟು ನುಚ್ಚಾಗಿತ್ತು. ಅಂಗೈ ಕೆಂಪಾಗಿತ್ತು. ಅವಳು ಸೆರಗು ಅಡ್ಡ ಮಾಡಿಕೊಂಡು ನಕ್ಕಳು.

"ಗೂಟಾ ಏನ್ ಓಡಿ ಹೋಗ್ತೈತೇನ್ರಿ? ಹಿಂಗ ಹಿಡಿದ್ರ ಒಂದ ಸೇರು ಮುಗಿಯೂದ್ರಾಗ ರಟ್ಟಿ ಹೋಗ್ತಾವ. ಕಲ್ಲು ತಿರಗೂದು ಅದರ ತೂಕಕ್ಕ. ನೀವು ಬರೇ ಹಾದಿ ತೋರಸ್ಬೇಕು. ಕೋಳಿಮರಿ ಹಿಡಿದ್ಹಂಗ ಹಿಡೀರಿ. ಬಿಗಿ ಮಾಡಿದ್ರ ಸಾಯ್ತೈತಿ, ಬಿಟ್ರ ಓಡ್ತೈತಿ."

ಅವನು ಹಿಡಿತ ಸಡಿಲಿಸಿದ. ಕಲ್ಲು ನಿಂತಿತು.

"ಕೈಲೆ ಅಲ್ರಿ, ಸೊಂಟದ್ಲೆ. ಮುಂದಕ್ಕ ಹೋಗಿ ಹಿಂದಕ್ಕ ಬರ್ರಿ. ಹ್ಞಾಂ. ಈಗ ಉಸರು ಯಾಕ ಹಿಡಿದ್ರಿ? ಹಾಡ್ರಿ."

"ಗಂಡಸು ಬೀಸೂ ಹಾಡಾ ಹಾಡೂದೇನ?"

"ಉಸರು ಕಟ್ಟಿದ್ರ ಕೈ ಬಿಗೀತಾವ. ಹಾಡಿದ್ರ ಉಸರು ಕಟ್ಟಾಕ ಬರೂದಿಲ್ಲ. ಹಾಡೂದು ದೇವರಿಗಂತ ತಿಳದೀರೇನು, ಹಾಡೂದು ರಟ್ಟಿಗೆ."

ವಿರುಪಣ್ಣ ಎದ್ದು ಬಾಗಿಲ ಅಗಳಿ ಹಾಕಿ ಬಂದು ಕೂತ. ಪಕೀರಮ್ಮ ಹಾಡಿದ್ದು ತವರಿಗೆ ಹೋಗುವ ದಾರಿಯ ಹಾಡು. ಕೂತಲ್ಲೇ ಕೂತು, ಒಂದೊಂದು ಸೇರು ಜೋಳ ಬೀಸಿದಂತೆ ಹೆಣ್ಣುಮಗಳು ಊರ ಹೆಬ್ಬಾಗಿಲಾದ ಅಗಸಿಯಿಂದ ಹಿಡಿದು ಒಂದೊಂದು ಎಡೆ ದಾಟುತ್ತಾಳೆ.

ಒಂದನೇ ಸೇರೀಗೆ ಊರಗಸಿ ದಾಟೇನ
ಎರಡನೇ ಸೇರೀಗೆ ಹಳ್ಳಾವ ದಾಟೇನ
ಮೂರನೇ ಸೇರೀಗೆ ಕೆರಿಯೇರಿ ಹತ್ತೇನ
ಐದನೇ ಸೇರೀಗೆ ಹಿಟ್ಟಾಗಿ ಎದ್ದೇನ

ಇಷ್ಟನ್ನೇ ಸುತ್ತಿ ಸುತ್ತಿ ಹಾಡುವುದು. ಅವನು ಹಿಂದಿನಿಂದ ಗುನುಗಿದ. ಹೀಗೆ ದಿನಾ ಬೆಳಿಗ್ಗೆ ಎರಡು ಸೇರು ಅವನ ಪಾಲಿಗೆ ಬಂತು. ಮೊದಲ ವಾರ ಸೊಂಟ ನೋಯಿತು. ಸಾವಿರ ಬಸ್ಕಿ ಹೊಡೆಯುವವನ ಸೊಂಟ ಹೀಗೆ ನೋಯುವುದೆಂದರೆ ಅವನಿಗೆ ನಂಬಿಕೆ ಬರಲಿಲ್ಲ. ಎರಡನೇ ವಾರ ಸೊಂಟ ಬೇರೆ, ಹೆಗಲು ಬೇರೆ ಎಂದು ಮೈಗೆ ಗೊತ್ತಾಯಿತು.

ದಾರಿಯ ಮೇಲೆ ಅವನು ಹಾಡತೊಡಗಿದ್ದು ಯಾರಿಗೂ ಕೇಳಿಸದು ಎಂಬ ಧೈರ್ಯದಿಂದ. ಫಟಫಟಿಯ ಸದ್ದಿನಲ್ಲಿ ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ಹಾಡು ತುಂಡಾದರೆ ಕೈ ಬಿಗಿದಿದೆ ಎಂದು ಅರ್ಥ. ಮುಷ್ಟಿ ನೋಡಬೇಕಾಗಿರಲಿಲ್ಲ, ಗಂಟಲೇ ಹೇಳುತ್ತಿತ್ತು. ಜಾಡು ಬಂದಾಗ ಹ್ಯಾಂಡಲನ್ನು ಆಡಲು ಬಿಟ್ಟ. ಗುಂಡಿ ಬಂದಾಗ ಕಾಲ ಮೇಲೆ ಅರ್ಧ ಎದ್ದು, ನಡುವಿನಿಂದ ಮುಂದೆ ಬಾಗಿದ. ಒಂದು ತಿಂಗಳಲ್ಲಿ ಜೋಮು ಮಂಗಳೂರಿನಿಂದ ಯಲಬುರ್ಗಾಕ್ಕೆ ಸರಿಯಿತು, ಅಲ್ಲಿಂದ ಕುಷ್ಟಗಿಗೆ, ಕೊನೆಗೆ ಎಲ್ಲಿಗೂ ಬರಲಿಲ್ಲ. ಹಳ್ಳದ ಉಸುಕಿನಲ್ಲಿ ಗಾಡಿ ಹಾವಾಡಿದಂತೆ ಆಡಿ ತಾನಾಗಿಯೇ ದಡ ಹತ್ತಿತು. ಮನೆಗೆ ಬಂದು ರೊಟ್ಟಿ ಮುರಿದು, ಪಕೀರಮ್ಮನಿಗೆ ಕಾಣುವಂತೆ ಎತ್ತಿ ಹಿಡಿದು ತಿಂದ.

ಆದರೆ ಅವನಿಗೆ ಹೊಳೆಯದ ಒಂದು ಸಂಗತಿ ಇತ್ತು. ಸದ್ದು ಮಾಡುವ ಗಾಡಿಯ ಮೇಲೆ ಕೂತವನಿಗೆ ತನ್ನ ದನಿ ಕೇಳುವುದಿಲ್ಲ, ಅದಕ್ಕೆ ಅವನು ಕೂಗಿ ಹಾಡುತ್ತಾನೆ. ತಳಕಲ್ಲಿನ ಬಾವಿ ದಾರಿಗೇ ಹತ್ತಿಕೊಂಡಿದೆ. ನೀರು ಸೇದುವ ಹೆಂಗಸರು ಎರಡು ದಿನ ಕಿವಿ ಕೊಟ್ಟು ಕೇಳಿದರು, ಮೂರನೇ ದಿನ ಕೊಡ ಕೆಳಗಿಟ್ಟು ನಕ್ಕರು. ಫಟಫಟಿ ಪೈಲವಾನ ಬೀಸುವ ಹಾಡು ಹಾಡುತ್ತಾನೆಂಬ ಸುದ್ದಿ ಕೊಪ್ಪಳದ ಸಂತೆಗೆ ಬಂತು. ಸಂತೆಯಲ್ಲಿ ಅದನ್ನು ಮಕ್ಬುಲಸಾಬರ ಹೆಂಡತಿ ಹಸನಬೀ ಕೇಳಿದಳು. ಹಾಡಿದರೆ ಬೀಸುತ್ತಲೂ ಇರಬೇಕು ಎಂದು ಊಹಿಸಲು ಹೆಂಗಸರಿಗೆ ಎಷ್ಟು ಹೊತ್ತು ಬೇಕು? ನೆರೆಮನೆಯ ಸುಂಕಲಮ್ಮ, ಹೌದು, ಬೆಳಿಗ್ಗೆ ಅಗಳಿ ಹಾಕಿದ ಬಾಗಿಲ ಹಿಂದೆ ಎರಡು ದನಿ ಕೇಳುತ್ತವೆ ಅಂದಳು.

ಮರುದಿನ ವಿರುಪಣ್ಣ ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಒಂದು ಮೊರದ ತುಂಬ ಜೋಳ. ಗರಡಿಯ ಜೊತೆಗಾರ ದುರಗಪ್ಪ ಎದುರಿನ ಕಟ್ಟೆಯ ಮೇಲೆ ಕೂತಿದ್ದ. "ಸಂಜಿಗೆ ಹಿಟ್ಟು ಬೇಕವ್ವಾ, ಸಣ್ಣಗ ಬೀಸು" ಅಂದ. ಜೊತೆಗಿದ್ದ ನಾಲ್ವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಿರುಪಣ್ಣ ಮೊರವನ್ನು ಒದೆಯಲು ಕಾಲೆತ್ತಿ, ಜೋಳವನ್ನು ಒದೆಯಬಾರದೆಂದು ಇಳಿಸಿ, ಅದನ್ನು ಒಳಗೆ ಒಯ್ದು ಮೂಲೆಗಿಟ್ಟ. ಅದಕ್ಕೂ ನಕ್ಕರು.

ವಸ್ತಾದರು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಹದಿನಾರು ವರ್ಷ ಈ ಕೈಗೆ ನಾ ಎಣ್ಣಿ ಹಚ್ಚೇನಿ. ಅದು ಬೀಸೂ ಗೂಟಾ ಹಿಡೀತು ಅಂದ್ರ ನನಗ ನಾಚಿಕಿ ಆಗ್ತೈತಿ, ಬೇಟಾ. ಎರಡರಾಗ ಒಂದ ಆರಿಸ್ಕೊ."

ವಿರುಪಣ್ಣ ಗರಡಿ ಆರಿಸಿಕೊಂಡ. ಅವನ ಜಾಗದಲ್ಲಿ ಬೇರೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಮನೆಗೆ ಬಂದು, "ನಾಳಿಂದ ನಾ ಕಲ್ಲಿಗೆ ಕೂಡಂಗಿಲ್ಲ" ಅಂದ. ಪಕೀರಮ್ಮ "ನಿಮ್ಮ ಮರ್ಜಿ" ಅಂದು ಅವನ ಪಾಲಿನ ಎರಡು ಸೇರನ್ನು ತನ್ನ ಮೊರಕ್ಕೆ ಸುರಿದುಕೊಂಡಳು. ದಾರಿಯ ಮೇಲೂ ಅವನು ಬಾಯಿ ಬಿಗಿ ಹಿಡಿದ. ಬಾಯಿಯ ಜೊತೆ ಕೈಯೂ ಬಿಗಿಯಿತು. ಹತ್ತು ದಿನದಲ್ಲಿ ಜೋಮು ತಿರುಗಿ ಮಂಗಳೂರಿಗೆ ಬಂದು ಕೂತಿತು. ಹಳ್ಳದಲ್ಲಿ ಎರಡು ಸಲ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಯುಗಾದಿಗೆ ಇನ್ನು ನಾಲ್ಕು ದಿನ ಉಳಿದಿತ್ತು.

ಆ ದಿನ ಕುಷ್ಟಗಿಯಲ್ಲಿ ಸಾಹುಕಾರರ ಮಗಳು ಶೇಖರಮ್ಮನ ನಿಶ್ಚಯ. ಗಂಡಿನ ಮನೆ ಅಲ್ಲಿಯದು, ಹೆಣ್ಣು ಮತ್ತು ಹೆಂಗಸರು ಹಿಂದಿನ ದಿನವೇ ಚಕ್ಕಡಿಯಲ್ಲಿ ಹೋಗಿದ್ದರು. ಸಾಹುಕಾರರು ಬೆಳಗಿನ ಬಸ್ಸಿಗೆ ಹೊರಡಬೇಕು. ಬಸ್ಸಿನ ಅಚ್ಚು ಮುರಿದು ಅದು ಸ್ಟೇಷನ್ನಿನ ಮುಂದೆ ನಿಂತಿತ್ತು. ಮಧ್ಯಾಹ್ನಕ್ಕೆ ಮುಹೂರ್ತ, ಹೆಣ್ಣಿನ ತಂದೆ ಇಲ್ಲದೆ ವೀಳ್ಯ ಬದಲಾಗುವುದಿಲ್ಲ.

ದೇವೇಂದ್ರಪ್ಪ ಬಹಳ ಮುತುವರ್ಜಿಯಿಂದ ಫಟಫಟಿಯ ಹಿಂದಿನ ಕ್ಯಾರಿಯರಿಗೆ ದಿಂಬು ಕಟ್ಟಿದ. "ಹುಷಾರಪಾ ವಿರುಪಣ್ಣ" ಅಂದ. ಸಾಹುಕಾರರು ಜರಿ ರುಮಾಲು, ರೇಷ್ಮೆ ಅಂಚಿನ ಧೋತರ, ಹೊಸ ಮೆಟ್ಟುಗಳಲ್ಲಿ ಬಂದು ಹತ್ತಿ ಕೂತರು. ಅವರ ತೂಕಕ್ಕೆ ಹಿಂದಿನ ಚಕ್ರದ ಟೈರು ಚಪ್ಪಟೆಯಾಯಿತು. ಅವರ ಎರಡೂ ಕೈ ವಿರುಪಣ್ಣನ ಸೊಂಟ ಸುತ್ತಿಕೊಂಡವು.

ಐದು ಹರದಾರಿ ದಾರಿಯಲ್ಲಿ ವಿರುಪಣ್ಣನ ಬೆರಳು ಸತ್ತೇ ಹೋದವು. ಹಿಂದಿನ ತೂಕಕ್ಕೆ ಮುಂದಿನ ಚಕ್ರ ನೆಲ ಹಿಡಿಯಲೊಲ್ಲದು. ಅವನು ಬಿಗಿ ಹಿಡಿದಷ್ಟೂ ಅದು ಹೆಚ್ಚು ತೂರಾಡಿತು. ಹಳ್ಳದ ದಂಡೆಗೆ ಬಂದು ಗಾಡಿ ನಿಲ್ಲಿಸಿದ. ಮುಂದೆ ಇನ್ನೂರು ಹೆಜ್ಜೆ ಉಸುಕು, ಆಚೆ ದಡದ ಹತ್ತಿರ ಗೇಣುದ್ದ ನೀರು.

"ಯಾಕ ನಿಂತಿ?"

"ಸಾವ್ಕಾರ್ರ, ಇಷ್ಟ ದೂರ ಇಳಿದು ನಡೀತೀರೇನ್ರಿ?"

"ಇಳಿದ್ರ ಧೋತರ ತೊಯ್ತೈತಿ. ತೊಯ್ದ ಧೋತರದಾಗ ಬೀಗರ ಮನಿಗೆ ಹೋಗ್ಲೇನು? ಹೊಡಿ."

ವಿರುಪಣ್ಣ ಗಾಡಿಯನ್ನು ಉಸುಕಿಗೆ ಇಳಿಸಿದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹ್ಯಾಂಡಲ್ ಎಡಕ್ಕೆ ಹೊರಳಿತು. ಬಿದ್ದರೆ ಗಾಡಿ ಹೋಯಿತು, ಕೆಲಸ ಹೋಯಿತು, ಜೊತೆಗೆ ಸಾಹುಕಾರರ ಮಗಳ ನಿಶ್ಚಯದ ದಿನ ಅವರನ್ನು ಹಳ್ಳಕ್ಕೆ ಕೆಡವಿದವನೆಂಬ ಹೆಸರು ಜೀವಮಾನಕ್ಕೆ ಉಳಿಯಿತು. ಹಾಡಿದರೆ ನಾಚಿಕೆ, ಅದೂ ಬೆನ್ನಿಗೆ ಕಿವಿ ಹಚ್ಚಿ ಕೂತವರ ಮುಂದೆ. ಅವನು ಬಾಯೊಳಗೇ ಗುನುಗಿದ. ಸಾಲಲಿಲ್ಲ, ಚಕ್ರ ಮತ್ತೆ ಹೊರಳಿತು. ಆಗ ಬಂದದ್ದು ಬರಲಿ ಎಂದು ಬಾಯಿ ಬಿಟ್ಟು ಹಾಡಿದ.

ಒಂದನೇ ಸೇರಿಗೆ ಉಸಿರು ಬಂತು. ಎರಡನೇ ಸೇರಿಗೆ ಮೊಣಕೈ ಸಡಿಲಾಯಿತು. ಬೆರಳು ತೆರೆದುಕೊಂಡು ಕೋಳಿಮರಿ ಹಿಡಿಯುವ ಹದಕ್ಕೆ ಬಂದವು. ಹ್ಯಾಂಡಲ್ ಎಡಕ್ಕೆ ಹೋದರೆ ಹೋಗಲು ಬಿಟ್ಟ, ಬಲಕ್ಕೆ ಬಂದರೆ ಬರಲು ಬಿಟ್ಟ. ಗಾಡಿ ತನ್ನ ತೂಕಕ್ಕೆ ತಾನು ನಡೆಯಿತು. ಐದನೇ ಸೇರಿಗೆ ನೀರು ಸೀಳಿಕೊಂಡು ಆಚೆ ದಡ ಹತ್ತಿತು. ಸಾಹುಕಾರರ ಧೋತರದ ಅಂಚಿಗೆ ನಾಲ್ಕು ಹನಿ ಸಿಡಿದಿದ್ದವು, ಅಷ್ಟೇ.

ಸ್ವಲ್ಪ ದೂರ ಹೋದ ಮೇಲೆ ಅವರು ಅವನ ಹೆಗಲು ತಟ್ಟಿದರು. "ಗಾಡಿ ನಿಲ್ಲಸು."

ಬೇವಿನ ಮರದ ಕೆಳಗೆ ನಿಲ್ಲಿಸಿದ. ಅಂಡಿಗೆ ಹೊರುವ ದಿನ ಬಂತು ಅಂದುಕೊಂಡ.

"ಆ ಹಾಡು ಯಾರು ಕಲಿಸ್ಯಾರ ನಿನಗ?"

"ನಮ್ಮ ಮನಿಯಾಕಿ, ಸಾವ್ಕಾರ್ರ."

"ತಪ್ಪ ಕಲಿಸ್ಯಾಳ. ಮೂರರಿಂದ ಐದಕ್ಕ ಹಾರಿದಿ. ನಾಕನೇ ಸೇರು ಎಲ್ಲಿ ಹೋತು?"

ದಿನಕ್ಕೆ ಸಾವಿರ ಬಸ್ಕಿ ಎಣಿಸುವವನು ಐದರವರೆಗೆ ಎಣಿಸಿರಲಿಲ್ಲ. ಹಾಡು ಇರುವುದೇ ಹಾಗೆ ಎಂದು ತಿಳಿದಿದ್ದ. ಕೊಟ್ರಬಸಪ್ಪನವರು ಹಳ್ಳದ ಕಡೆ ಮುಖ ಮಾಡಿ, ಒಡೆದ ದನಿಯಲ್ಲಿ ಹಾಡಿದರು.

ನಾಕನೇ ಸೇರೀಗೆ ಹಡದವ್ವನ ಕಂಡೇನ

"ನಮ್ಮವ್ವ ಮಂದಿ ಮನಿ ಜ್ವಾಳಾ ಬೀಸಿ ನನ್ನ ಬೆಳಿಸ್ಯಾಳ" ಅಂದರು. "ಆಕಿ ತೊಡಿ ಮ್ಯಾಲ ಮಲಕೊಂಡು ಕೇಳೇನಿ. ಆ ಸಾಲು ಬಂದಾಗ ಆಕಿ ನನ್ನ ತಲಿ ಮ್ಯಾಲ ಕೈ ಇಡತಿದ್ದಳು, ಹಿಟ್ಟಿನ ಕೈ. ಬೀಗರ ಮುಂದ ಹೇಳಬ್ಯಾಡ. ಹೊಡಿ ಇನ್ನ, ಹೊತ್ತಾತು."

ನಿಶ್ಚಯ ಚೆನ್ನಾಗಿಯೇ ಆಯಿತು. ಮರುದಿನ ವಿರುಪಣ್ಣ ಮನೆ ಸೇರಿದಾಗ ಪಕೀರಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವನು ಒಲೆಯ ಮುಂದೆ ಕೂತು ನಡೆದದ್ದೆಲ್ಲ ಹೇಳಿದ. ಆಮೇಲೆ, "ನಾಕನೇ ಸೇರು ನಿನಗ ಗೊತ್ತಿಲ್ಲೇನು?" ಅಂದ.

ಅವಳ ಕೈ ನಿಂತಿತು.

"ಗೊತ್ತೈತ್ರಿ."

"ಮತ್ತ ಯಾಕ ಬಿಡ್ತಿ?"

"ಅಲ್ಲಿಗೆ ಬಂದ್ರ ಕಲ್ಲು ಭಾರ ಆಗ್ತೈತ್ರಿ. ಅದಕ್ಕ ದಾಟಿಸಿಬಿಡ್ತೀನಿ." ಹಿಟ್ಟಿನ ಕೈ ಒರೆಸಿಕೊಂಡು ಅಂದಳು. "ಅವ್ವನ್ನ ನೋಡಿ ಮೂರು ವರ್ಷ ಆತು."

ರೊಟ್ಟಿ ಹೆಂಚಿನ ಮೇಲೆ ಸೀದಿತು, ಇಬ್ಬರೂ ನೋಡಲಿಲ್ಲ. ನವಲಿಗೆ ಚಕ್ಕಡಿಯಲ್ಲಿ ಎರಡು ದಿನದ ದಾರಿ. ಹೋಗಲು ಚಕ್ಕಡಿ ಇಲ್ಲ, ಕರೆದೊಯ್ಯಲು ಪುರುಸೊತ್ತಿನವರಿಲ್ಲ ಎಂದು ಅವನೇ ಮೂರು ವರ್ಷ ಹೇಳುತ್ತ ಬಂದಿದ್ದ. ಅದೇ ಮನುಷ್ಯ ಈಗ ವಾರಕ್ಕೆರಡು ಸಲ ಗಂಗಾವತಿಗೆ ಹೋಗಿ, ಚಹಾ ಕುಡಿದು, ಮಧ್ಯಾಹ್ನಕ್ಕೆ ತಿರುಗಿ ಬರುತ್ತಿದ್ದ. ಅಲ್ಲಿಂದ ನವಲಿ ಎಂಟು ಹರದಾರಿ. ಅವಳು ದಿನಾ ಬೆಳಿಗ್ಗೆ ಕೂತಲ್ಲೇ ಕೆರೆ ಏರಿಯವರೆಗೆ ಹೋಗಿ ತಿರುಗಿ ಬರುತ್ತಿದ್ದಳು, ಅವನು ಪಕ್ಕದಲ್ಲೇ ಕೂತು ಅದೇ ಹಾಡು ಹಾಡಿದ್ದ. ವಿರುಪಣ್ಣನಿಗೆ ನಾಚಿಕೆ ಎಂದರೇನು ಎಂಬುದು ಅವತ್ತು ಗೊತ್ತಾಯಿತು. ದುರಗಪ್ಪನ ಮೊರ ಅದರ ಮುಂದೆ ಏನೂ ಅಲ್ಲ.

ಮರುದಿನ ಬೆಳಿಗ್ಗೆ ಅವನು ಅಗಳಿ ಹಾಕದೆ, ಬಾಗಿಲು ತೆರೆದಿಟ್ಟು ಕಲ್ಲಿಗೆ ಕೂತ. ದುರಗಪ್ಪನ ಮೊರದ ಜೋಳವನ್ನೂ ಬೀಸಿ, ಹಿಟ್ಟನ್ನು ತಾನೇ ಅವನ ಮನೆಗೆ ಮುಟ್ಟಿಸಿ, ಅಲ್ಲಿಂದ ಗರಡಿಗೆ ಹೋಗಿ ವಸ್ತಾದರ ಕಾಲು ಮುಟ್ಟಿದ. "ನನಗ ಎರಡೂ ಬೇಕ್ರಿ, ವಸ್ತಾದ್ರ. ಇಲ್ಲಿ ಹಿಡಿಯೂದು ಕಲಿತೆ, ಅಲ್ಲಿ ಬಿಡೂದು ಕಲಿತೇನಿ" ಅಂದ. ಮಕ್ಬುಲಸಾಬರು ಬಹಳ ಹೊತ್ತು ಗೊಣಗಿದರು, ಹೊರಗೆ ಹಾಕಲಿಲ್ಲ.

ಯುಗಾದಿಯ ದಿನ ಕೊಟ್ರಬಸಪ್ಪನವರು ಅವನಿಗೆ ಹೊಸ ಧೋತರ ಕೊಟ್ಟು, "ಗಾಡಿ ನಿಂದ. ಮತ್ತೇನ ಬೇಕು, ಕೇಳು" ಅಂದರು.

"ಗಂಗಾವತಿ ಚೀಟಿ ಮುಟ್ಟಿಸಿದ ಮ್ಯಾಲ ನವಲಿ ತನಕಾ ಹೋಗಾಕ ಒಂದ ದಿನಾ ಬೇಕ್ರಿ. ಹಿಂದ ಮನಿಯಾಕಿನ್ನ ಕೂಡಿಸ್ಕೊಂಡು."

"ಹೆಣ್ಮಗಳನ್ನ ಫಟಫಟಿ ಮ್ಯಾಲ? ಮಂದಿ ಏನಂದಾರು?"

"ಮಂದಿ ಅನ್ನೂದೆಲ್ಲಾ ಅಂದು ಮುಗಿಸ್ಯಾರ್ರಿ."

ಸಾಹುಕಾರರು ನಕ್ಕರು. ದಿಂಬನ್ನು ಅವರೇ ತರಿಸಿ ಕೊಟ್ಟರು.

ಹಬ್ಬದ ಮೂರನೇ ದಿನ ಪಕೀರಮ್ಮ ಇಳಕಲ್ಲ ಸೀರೆ ಉಟ್ಟು, ಒಂದು ಕಡೆ ಕಾಲು ಇಳಿಬಿಟ್ಟು ಕೂತಳು. ಗಾಡಿ ಹೊರಟಿದ್ದೇ ತಡ, ಎರಡೂ ಕೈಯಿಂದ ಅವನ ಹೆಗಲಿನ ಮಾಂಸವನ್ನು ಹಿಡಿದುಕೊಂಡಳು. ಅಂಥ ಪಟ್ಟು ಅವನಿಗೆ ಅಖಾಡದಲ್ಲೂ ಬಿದ್ದಿರಲಿಲ್ಲ.

"ಏ, ಕೋಳಿಮರಿ ಸಾಯ್ತೈತಿ" ಅಂದ.

ಅವಳು ನಕ್ಕು ಕೈ ಸಡಿಲಿಸಿದಳು. "ಉಸರು ಹಿಡೀಬ್ಯಾಡ, ಹಾಡು" ಅಂದ. ಊರಗಸಿ ದಾಟುವಾಗ ಅವಳು ಮೊದಲನೇ ಸೇರು ಹಾಡಿದಳು. ಜನ ಮನೆಯ ಬಾಗಿಲಿಗೆ ಬಂದು ನೋಡಿದರು, ನೋಡಲಿ. ಗಂಗಾವತಿಯಲ್ಲಿ ಚೀಟಿ ಕೊಟ್ಟು, ಕನಕಗಿರಿ ದಾಟಿ, ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನವಲಿಯ ಕೆರೆ ಏರಿ ಹತ್ತಿದರು. ಕೆಳಗೆ ಕೊಯ್ಲಿಗೆ ಬಂದ ಭತ್ತದ ಗದ್ದೆಗಳು, ಆಚೆ ಮನೆಗಳ ಸಾಲು. ಮೂರನೇ ಸೇರು ಹಾಡುತ್ತಿದ್ದವಳು ಸುಮ್ಮನಾದಳು.

ವಿರುಪಣ್ಣ ಗಾಡಿ ಬಂದ್ ಮಾಡಿದ. ಪಕೀರಮ್ಮ ಇಳಿದು, ಸೆರಗು ಸರಿ ಮಾಡಿಕೊಂಡು, ಮೊದಲು ನಡೆದಳು, ಆಮೇಲೆ ಓಡಿದಳು. ಅವಳ ಅಣ್ಣ ಕನಕಪ್ಪನ ಮನೆಯ ಜಗಲಿಯ ಮೇಲೆ ತಾಯಿ ಮುದುಕಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಕಣ್ಣು ಮಂಜಾಗಿದ್ದವು. "ಯಾರವ್ವ?" ಎಂದು ತಲೆ ಎತ್ತಿದಳು. ಮಗಳು ಹತ್ತಿರ ಕೂತು ಆ ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ಮುದುಕಿಯ ಬೆರಳು ಹಣೆ, ಮೂಗು, ಗಲ್ಲ ಸವರಿ ನೋಡಿ ಅಲ್ಲೇ ನಿಂತವು.

ಮರುದಿನ ಬೆಳಗಿನ ಜಾವ ಒಳಗಿನಿಂದ ಬೀಸುವ ಕಲ್ಲಿನ ಸದ್ದು ಕೇಳಿ ಜಗಲಿಯ ಮೇಲೆ ಮಲಗಿದ್ದ ವಿರುಪಣ್ಣನಿಗೆ ಎಚ್ಚರವಾಯಿತು. ಒಂದೇ ಗೂಟಕ್ಕೆ ತಾಯಿ ಮಗಳು ಎದುರುಬದುರು ಕೂತು ಕೈ ಹಚ್ಚಿದ್ದರು. ಅವನು ಬೆರಳು ಮಡಿಸಿ ಎಣಿಸಿದ. ಒಂದು, ಎರಡು, ಮೂರು. ನಾಕನೇ ಸೇರು ಬಂತು. ಅದನ್ನೇ ಮತ್ತೆ ಹಾಡಿದರು, ಮತ್ತೆ ಅದನ್ನೇ ಹಾಡಿದರು. ಐದಕ್ಕೆ ಬರುವ ಅವಸರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.